ಹಾಸನದ ಹೊರವಲಯದ ನಮ್ಮ ಬಡಾವಣೆ: ಮುಂಬರುವ ಕುಟುಂಬ ಕಾರ್ಯಕ್ರಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮಳೆಗಾಲದ ನಡುವೆಯೇ ನಮ್ಮ ನಿವಾಸಿಗಳ ಸಂಘಕ್ಕೆ ಅದೇ ಪ್ರಶ್ನೆಗಳು ಬರತೊಡಗುತ್ತವೆ: ಗಣಪತಿ ಯಾವಾಗ, ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಹಾಸನಾಂಬೆ ದೇವಿಯ ಗುಡಿಯ ಬಾಗಿಲು ಎಂದು ತೆರೆಯುತ್ತದೆ, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬಹುದು, ವಂತಿಗೆ ಎಷ್ಟು. ಈ ವರ್ಷ ಹೊಸದಾಗಿ ಮನೆ ಕಟ್ಟಿಕೊಂಡು ಅಥವಾ ಬಾಡಿಗೆಗೆ ಬಂದ ಕುಟುಂಬಗಳು ಹೆಚ್ಚಾಗಿರುವುದರಿಂದ, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು 2026ರ ಸೆಪ್ಟೆಂಬರ್‌ನಿಂದ ಮುಂದಿನ ಯುಗಾದಿಯ ಆಸುಪಾಸಿನವರೆಗಿನ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇವೆ.

ಈ ಸಲ ಹಬ್ಬಗಳೆಲ್ಲ ಇಷ್ಟು ತಡವಾಗಿ ಬರುತ್ತಿರುವುದೇಕೆ?

ಈ ವರ್ಷ ಅಧಿಕ ಜ್ಯೇಷ್ಠ ಮಾಸ ಬಂದದ್ದೇ ಕಾರಣ. ಚಾಂದ್ರಮಾನದ ವರ್ಷ ಸುಮಾರು 354 ದಿನಗಳದ್ದು. ಸೌರ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ಆ ಕೊರತೆ ಕೂಡುತ್ತಾ ಹೋಗಿ ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳಷ್ಟಾದಾಗ ಪಂಚಾಂಗದಲ್ಲಿ ಅಧಿಕ ಮಾಸ ಸೇರುತ್ತದೆ. ಹೀಗಾಗಿ ಕಳೆದ ವರ್ಷ ಆಗಸ್ಟ್ 27ರಂದೇ ಬಂದಿದ್ದ ಗಣೇಶ ಚತುರ್ಥಿ ಈ ವರ್ಷ ಸೆಪ್ಟೆಂಬರ್ 14ಕ್ಕೆ ಸರಿದಿದೆ; ಅಕ್ಟೋಬರ್ ಎರಡನೆಯ ವಾರದಲ್ಲಿ ತೆರೆದಿದ್ದ ಹಾಸನಾಂಬೆಯ ಬಾಗಿಲು ಈ ಬಾರಿ ತಿಂಗಳ ಕೊನೆಗೆ ಹೋಗಿದೆ. ರಜೆ ಹಾಕಬೇಕಾದವರೂ ದೂರದ ನೆಂಟರನ್ನು ಕರೆಯಬೇಕಾದವರೂ ಕಳೆದ ವರ್ಷದ ನೆನಪಿನ ಮೇಲೆ ಲೆಕ್ಕ ಹಾಕಬಾರದು.

ಮುಂದಿನ ತಿಂಗಳುಗಳಲ್ಲಿ ಏನೇನಿದೆ, ಸಂಕ್ಷಿಪ್ತವಾಗಿ ಹೇಳುವಿರಾ?

ಸೆಪ್ಟೆಂಬರ್ ಎರಡನೆಯ ವಾರಾಂತ್ಯದಲ್ಲಿ ಮಕ್ಕಳಿಂದ ಮಣ್ಣಿನ ಗಣಪತಿ ಮಾಡಿಸುವುದು, 14ರ ಸೋಮವಾರ ಪ್ರತಿಷ್ಠಾಪನೆ, ಅಕ್ಟೋಬರ್ ನಡುವಿನ ನವರಾತ್ರಿಯಲ್ಲಿ ಮನೆಮನೆಯ ಗೊಂಬೆ, ತಿಂಗಳ ಕೊನೆಯಿಂದ ಹಾಸನಾಂಬೆ, ಅದರ ನಡುವೆಯೇ ನವೆಂಬರ್ 1ರ ರಾಜ್ಯೋತ್ಸವ, 8ರಿಂದ 10ರವರೆಗೆ ದೀಪಾವಳಿ, 14ರ ಶನಿವಾರ ಮಕ್ಕಳ ದಿನದ ಆಟೋಟ, ಮಳೆ ಪೂರ್ಣ ನಿಂತ ಮೇಲೆ ಹೊಯ್ಸಳರ ದೇವಾಲಯಗಳಿಗೆ ಒಂದು ದಿನದ ಪ್ರವಾಸ, ಜನವರಿಯಲ್ಲಿ ಸಂಕ್ರಾಂತಿ. ಎಲ್ಲಕ್ಕೂ ಎಲ್ಲರೂ ಬರಲೇಬೇಕೆಂಬ ನಿರೀಕ್ಷೆ ನಮಗಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಎರಡು ಮೂರನ್ನು ಆರಿಸಿಕೊಂಡು, ಅವುಗಳಿಗೆ ಮೊದಲಿನಿಂದ ಕೊನೆಯವರೆಗೂ ಇರುವುದು ಒಳ್ಳೆಯದೆಂದು ನಮ್ಮ ಅನುಭವ. ಎಲ್ಲದಕ್ಕೂ ಅರ್ಧ ಗಂಟೆ ಮುಖ ತೋರಿಸಿ ಓಡುವವರಿಗೆ ದಣಿವೊಂದೇ ಉಳಿಯುತ್ತದೆ.

ಗಣಪತಿಯನ್ನು ಮಕ್ಕಳೇ ಮಾಡುವುದೆಂದರೆ ಏನು? ಮನೆಯಿಂದ ಏನು ತರಬೇಕು?

ಜೇಡಿಮಣ್ಣನ್ನು ಸಂಘವೇ ತರಿಸಿ, ಹಿಂದಿನ ರಾತ್ರಿ ಒದ್ದೆ ಗೋಣಿಚೀಲ ಹೊದಿಸಿ ಇಟ್ಟಿರುತ್ತದೆ. ಮನೆಯಿಂದ ಒಂದು ಮಣೆ ಅಥವಾ ಹಳೆಯ ತಟ್ಟೆ, ಒಂದು ಲೋಟ, ಒರೆಸುವ ಬಟ್ಟೆ ತಂದರೆ ಸಾಕು. ಹೊಸ ಬಟ್ಟೆ ಹಾಕಿ ಕಳುಹಿಸಬೇಡಿ. ಆರು ವರ್ಷದೊಳಗಿನ ಮಕ್ಕಳ ಜೊತೆ ಹಿರಿಯರೊಬ್ಬರು ಕುಳಿತುಕೊಳ್ಳಬೇಕು. ಆದರೆ ಸೊಂಡಿಲು ಸೊಟ್ಟಗಾಯಿತೆಂದು ಮಗುವಿನ ಕೈಯಿಂದ ಕಿತ್ತುಕೊಂಡು ತಾವೇ ತಿದ್ದಲು ಹೊರಡಬಾರದೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ. ಕಳೆದ ಬಾರಿ ಮೇಜಿನ ಮೇಲಿದ್ದ ಅತ್ಯಂತ ಅಚ್ಚುಕಟ್ಟಾದ ನಾಲ್ಕೈದು ಮೂರ್ತಿಗಳು ಅಪ್ಪಂದಿರವೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿಗಳಿಗೆ ರಾಜ್ಯದಲ್ಲಿ ನಿಷೇಧವಿದೆ. ಅದು ನೀರಿನಲ್ಲಿ ಬೇಗ ಕರಗುವುದಿಲ್ಲ. ಮೇಲೆ ಬಳಿದ ರಾಸಾಯನಿಕ ಬಣ್ಣ ಕೆರೆಯ ನೀರಿಗೆ ಸೇರುತ್ತದೆ. ಆದ್ದರಿಂದ ಬಡಾವಣೆಯ ಪೆಂಡಾಲಿನಲ್ಲಿಯೂ ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನೇ ಕೂರಿಸುತ್ತೇವೆ. ಮಕ್ಕಳು ಮಾಡಿದ ಗಣಪತಿಗಳನ್ನು ಮನೆಯಲ್ಲೇ ಬಕೆಟ್ ನೀರಿನಲ್ಲಿ ವಿಸರ್ಜಿಸಿ, ಆ ಮಣ್ಣನ್ನು ತುಳಸಿಗೋ ದಾಸವಾಳಕ್ಕೋ ಹಾಕಬಹುದು.

ನಗರದ ದೊಡ್ಡ ಗಣಪತಿಯನ್ನೂ ನೋಡಲು ಹೋಗಬಹುದೇ?

ಹೋಗಲೇಬೇಕು. ಹಾಸನದವರ ಬಾಯಲ್ಲಿ ‘ಪೆಂಡಾಲ್ ಗಣಪತಿ’ ಎಂದೇ ಹೆಸರಾಗಿರುವ ಉತ್ಸವವನ್ನು ನೋಡದೆ ಈ ಊರಿನ ಗಣೇಶೋತ್ಸವ ನೋಡಿದಂತಾಗುವುದಿಲ್ಲ. ವಾರದ ನಡುವಿನ ಸಂಜೆಗಳಲ್ಲಿ ನೂಕುನುಗ್ಗಲು ಕಡಿಮೆ.

ನಮ್ಮ ವಿಸರ್ಜನಾ ಮೆರವಣಿಗೆ ಮುಖ್ಯರಸ್ತೆಗೆ ಏಕೆ ಹೋಗುವುದಿಲ್ಲ? ಹಿಂದೆ ಹೋಗುತ್ತಿತ್ತಲ್ಲವೇ?

ಹೋಗುತ್ತಿತ್ತು, ಇನ್ನು ಹೋಗುವುದಿಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ನಮ್ಮದೇ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣಪತಿಯ ಮೆರವಣಿಗೆಯ ಮೇಲೆ ಲಾರಿಯೊಂದು ನುಗ್ಗಿ ಹಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಯುವಕರು, ವಿದ್ಯಾರ್ಥಿಗಳು. ಆ ಸುದ್ದಿ ಕೇಳಿದ ರಾತ್ರಿ ನಮ್ಮ ಬಡಾವಣೆಯಲ್ಲಿ ಎಷ್ಟೋ ಮನೆಗಳಲ್ಲಿ ದೀಪ ಆರಲಿಲ್ಲ. ಕುಣಿಯುತ್ತಾ ಸಾಗುವ ಗುಂಪಿನ ಪಕ್ಕದಲ್ಲೇ ಭಾರಿ ವಾಹನಗಳು ಓಡುವ ರಸ್ತೆ ಇರಬಾರದೆಂಬ ಸರಳ ಸಂಗತಿಗೆ ಅಷ್ಟು ದೊಡ್ಡ ಬೆಲೆ ತೆರಬೇಕಾಗಿರಲಿಲ್ಲ.

ಆದ್ದರಿಂದ ಈ ವರ್ಷ ಮೆರವಣಿಗೆ ಮಧ್ಯಾಹ್ನ ಮೂರಕ್ಕೆ ಹೊರಟು, ಬಡಾವಣೆಯ ಒಳರಸ್ತೆಗಳಲ್ಲೇ ಸುತ್ತಿ, ಕತ್ತಲಾಗುವ ಮೊದಲೇ ಮುಗಿಯುತ್ತದೆ. ಮೂರ್ತಿಯ ವಾಹನದ ಮುಂದೆಯೂ ಹಿಂದೆಯೂ ಹಗ್ಗ ಹಿಡಿದ ಸ್ವಯಂಸೇವಕರು ಇರುತ್ತಾರೆ. ಮಕ್ಕಳು ಹಗ್ಗದ ಒಳಗೇ ನಡೆಯಬೇಕು, ಟ್ರ್ಯಾಕ್ಟರಿನ ಟ್ರೇಲರ್ ಏರಬಾರದು. ಜನರೇಟರ್ ಹೊತ್ತ ಗಾಡಿಯ ಮೇಲೂ ಯಾರೂ ಕೂರುವಂತಿಲ್ಲ. ಇದರಿಂದ ಮೆರವಣಿಗೆಯ ಕಳೆ ಕಡಿಮೆಯಾಯಿತೆಂದು ಕೆಲವು ಯುವಕರಿಗೆ ಬೇಸರವಿದೆ. ಅವರ ಬೇಸರ ನಮಗೆ ಅರ್ಥವಾಗುತ್ತದೆ, ಆದರೆ ಈ ತೀರ್ಮಾನ ಬದಲಾಗುವುದಿಲ್ಲ.

ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ ಇರುತ್ತದೆ? ಮನೆಯಲ್ಲಿ ಓದುವ ಮಕ್ಕಳೂ ಕಾಯಿಲೆಯ ಹಿರಿಯರೂ ಇದ್ದಾರೆ.

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ; ನಾವು ರಾತ್ರಿ 9ಕ್ಕೇ ನಿಲ್ಲಿಸುತ್ತೇವೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಎಂದು ಮಿತಿಯಿದೆ. ಇಬ್ಬರು ಎದುರುಬದುರು ಕುಳಿತು ಮಾತನಾಡುವ ಸದ್ದೇ ಸುಮಾರು 60 ಡೆಸಿಬಲ್ ಆಗುವುದರಿಂದ ಯಾವ ಹಬ್ಬವೂ ಆ ಅಂಕಿಗೆ ಪೂರ್ತಿ ಬದ್ಧವಾಗಿರಲಾರದೆಂಬುದು ನಿಜ. ಆದರೂ ಪೆಟ್ಟಿಗೆಗಳನ್ನು ಮನೆಗಳ ಕಡೆಗೆ ತಿರುಗಿಸದೆ ಮೈದಾನದ ಕಡೆಗೆ ತಿರುಗಿಸುವುದು, ಡಿಜೆ ತರಿಸದಿರುವುದು ನಮ್ಮ ಕೈಯಲ್ಲೇ ಇದೆ. ಪೊಲೀಸ್, ನಗರಾಡಳಿತ ಮತ್ತು ವಿದ್ಯುತ್ ಸರಬರಾಜು ಮಾಡುವ ಸೆಸ್ಕ್‌ನ ಅನುಮತಿಗಳನ್ನು ಮೊದಲೇ ಪಡೆದಿರುತ್ತೇವೆ; ಬೀದಿಕಂಬದಿಂದ ಕೊಕ್ಕೆ ಹಾಕಿ ವಿದ್ಯುತ್ ಎಳೆಯುವ ಹಳೆಯ ಚಾಳಿ ನಮ್ಮಲ್ಲಿ ನಿಂತು ಬಹಳ ಕಾಲವಾಯಿತು.

ಮಳೆ ಬಂದರೆ ಕಾರ್ಯಕ್ರಮ ರದ್ದಾಗುತ್ತದೆಯೇ?

ಹಾಸನದ ಮಳೆಯ ಸ್ವಭಾವ ಗೊತ್ತಿಲ್ಲದ ಹೊಸಬರಿಗೆ ಒಂದು ಮಾತು. ನಮ್ಮ ಜಿಲ್ಲೆಯ ಪಶ್ಚಿಮದ ಸಕಲೇಶಪುರ ಅಪ್ಪಟ ಮಲೆನಾಡು, ಪೂರ್ವದ ಅರಸೀಕೆರೆ ಬಯಲುಸೀಮೆ. ನಾವು ಅವೆರಡರ ನಡುವೆ ಇದ್ದೇವೆ. ಸೆಪ್ಟೆಂಬರ್‌ವರೆಗೆ ಮುಂಗಾರಿನ ಜಿಟಿಜಿಟಿ ಇರುತ್ತದೆ. ಅದು ಹೊತ್ತುಗೊತ್ತು ನೋಡುವುದಿಲ್ಲ, ಆದರೆ ಕೊಡೆ ಹಿಡಿದರೆ ಸಾಗುತ್ತದೆ. ಅಕ್ಟೋಬರ್‌ನ ಹಿಂಗಾರು ಹಾಗಲ್ಲ. ಬೆಳಿಗ್ಗೆಯೆಲ್ಲ ಬಿಸಿಲು ಹೊಳೆದು, ಸಂಜೆ ನಾಲ್ಕರ ಹೊತ್ತಿಗೆ ಗುಡುಗು ಸಿಡಿಲಿನೊಂದಿಗೆ ಒಮ್ಮೆಲೇ ಸುರಿಯುತ್ತದೆ. ಈ ಕಾರಣಕ್ಕೆ ಅಕ್ಟೋಬರ್ ಮತ್ತು ನವೆಂಬರ್ ಆರಂಭದ ಹೊರಾಂಗಣದ ಕಾರ್ಯಕ್ರಮಗಳನ್ನೆಲ್ಲ ಬೆಳಗಿನ ಹೊತ್ತಿಗೆ ಇಟ್ಟಿದ್ದೇವೆ. ಗುಡುಗು ಕೇಳಿಸಿದ ಕೂಡಲೇ ಮೈದಾನ ಖಾಲಿ ಮಾಡಿಸುತ್ತೇವೆ. ಮರದಡಿಯಾಗಲಿ ಕಬ್ಬಿಣದ ಕಂಬದ ಪೆಂಡಾಲಿನಡಿಯಾಗಲಿ ಯಾರನ್ನೂ ನಿಲ್ಲಲು ಬಿಡುವುದಿಲ್ಲ. ರದ್ದಾದರೆ ಮುಂದಿನ ಭಾನುವಾರ ಬೆಳಿಗ್ಗೆ ನಡೆಯುತ್ತದೆ.

ದಸರೆಯ ಗೊಂಬೆ ನೋಡಲು ಕರೆಯಿಲ್ಲದೆ ಹೋಗಬಹುದೇ?

ಹೋಗಬಹುದು. ಗೊಂಬೆ ಕೂರಿಸುವ ಮನೆಗಳು ತಮ್ಮ ಹೆಸರನ್ನು ಮೊದಲೇ ತಿಳಿಸಿದರೆ ಬಾಗಿಲಿಗೆ ಒಂದು ಗುರುತಿನ ಚೀಟಿ ಅಂಟಿಸುತ್ತೇವೆ. ಆ ಮನೆಗಳಿಗೆ ಸಂಜೆ 6ರಿಂದ 8ರವರೆಗೆ ಮಕ್ಕಳು ಯಾವ ಸಂಕೋಚವೂ ಇಲ್ಲದೆ ಹೋಗಬಹುದು. ಪಟ್ಟದ ಗೊಂಬೆಗಳ ಜೋಡಿಯೊಂದೇ ಇದ್ದು ಐದೇ ಮೆಟ್ಟಿಲಿದ್ದರೂ ಅದು ಗೊಂಬೆಯೇ. ದೊಡ್ಡ ಪ್ರದರ್ಶನ ಆಗಬೇಕೆಂಬ ಹಟ ಬೇಡ. ಅಜ್ಜಿಯ ಕಾಲದ ಮಾಸಿದ ಬಣ್ಣದ ಮರದ ಗೊಂಬೆಯ ಪಕ್ಕದಲ್ಲಿ ಮೊಮ್ಮಗ ತನ್ನ ಪ್ಲಾಸ್ಟಿಕ್ ಡೈನೋಸಾರ್ ನಿಲ್ಲಿಸಿದ್ದ ಮನೆಯಲ್ಲೇ ಕಳೆದ ವರ್ಷ ಅತಿ ಹೆಚ್ಚು ಮಕ್ಕಳು ಸೇರಿದ್ದರು.

ಹಾಸನಾಂಬೆಯ ಬಾಗಿಲು ಈ ವರ್ಷ ಯಾವಾಗ ತೆರೆಯುತ್ತದೆ?

ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆದು, ಬಲಿಪಾಡ್ಯಮಿಯ ಮರುದಿನ ಮುಚ್ಚುವುದು ಸಂಪ್ರದಾಯ. 2023ರಲ್ಲಿ ನವೆಂಬರ್ 2, 2024ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 9 ಹೀಗೆಯೇ ಬಂದವು. ಅದೇ ಲೆಕ್ಕದಲ್ಲಿ ಈ ವರ್ಷ ಅಕ್ಟೋಬರ್ 29ರ ಗುರುವಾರ ತೆರೆದು ನವೆಂಬರ್ 11ರ ಬುಧವಾರ ಮುಚ್ಚಬೇಕು. ಆದರೂ ಜಿಲ್ಲಾಡಳಿತದ ಪ್ರಕಟಣೆಯೇ ಅಂತಿಮ. ದೂರದವರಿಗೆ ರೈಲಿನ ಟಿಕೆಟ್ ಕಾಯ್ದಿರಿಸುವ ಮೊದಲು ಅದನ್ನು ನೋಡಿಕೊಳ್ಳಿ.

ಬಾಗಿಲು ತೆರೆಯುವ ದಿನ ಅರಸು ಮನೆತನದವರು ಗುಡಿಯ ಮುಂದೆ ಬಾಳೆಕಂದನ್ನು ಕಡಿದ ನಂತರವೇ ಗರ್ಭಗುಡಿ ತೆರೆಯುತ್ತದೆ. ಮೊದಲ ದಿನ ಮತ್ತು ಮುಚ್ಚುವ ದಿನ ಸಾರ್ವಜನಿಕರಿಗೆ ದರ್ಶನವಿರುವುದಿಲ್ಲವೆಂಬುದನ್ನು ಮರೆತು ಪ್ರತಿ ವರ್ಷವೂ ಒಂದಷ್ಟು ಜನ ಬಂದು ಹಿಂದಿರುಗುತ್ತಾರೆ.

ಮಕ್ಕಳೊಂದಿಗೆ ಯಾವ ದಿನ, ಯಾವ ಹೊತ್ತಿಗೆ ಹೋಗುವುದು ಲೇಸು?

ಈ ಸಲದ ಹದಿನಾಲ್ಕು ದಿನಗಳಲ್ಲಿ ಎರಡು ಭಾನುವಾರಗಳಿವೆ: ಒಂದು ರಾಜ್ಯೋತ್ಸವದ ದಿನ, ಇನ್ನೊಂದು ನರಕ ಚತುರ್ದಶಿ. ಎರಡನ್ನೂ ಬಿಡಿ. ಶುಕ್ರವಾರಗಳೂ ಬೇಡ, ದೇವಿಯ ವಾರವೆಂದು ಅಂದು ಹೆಚ್ಚು ಜನ ಬರುತ್ತಾರೆ. ನಮಗೆ ಊರಿನವರೆಂಬ ಒಂದು ಅನುಕೂಲವಿದೆ: ಹೊರಗಿನಿಂದ ಬರುವವರು ರಜೆಯ ದಿನಗಳನ್ನೇ ನಂಬಬೇಕು, ನಾವು ನಂಬಬೇಕಾಗಿಲ್ಲ. ಆದ್ದರಿಂದ ಸಂಘದ ಗುಂಪು ನವೆಂಬರ್ 3ರ ಮಂಗಳವಾರ ಬೆಳಗಿನ ಜಾವ ನಾಲ್ಕೂವರೆಗೆ ಬಡಾವಣೆಯಿಂದ ಹೊರಡುತ್ತದೆ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಹಿಂದಿರುಗಬಹುದೆಂದು ನಾವು ಭರವಸೆ ಕೊಡುವುದಿಲ್ಲ. ಶಾಲೆಗೆ ಒಂದು ಚೀಟಿ ಬರೆದು ಕೊಟ್ಟಿರುವುದು ಜಾಣತನ.

ಉಚಿತ ಧರ್ಮದರ್ಶನದ ಸಾಲಿನ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ 300 ಮತ್ತು 1,000 ರೂಪಾಯಿಗಳ ವಿಶೇಷ ದರ್ಶನದ ಸಾಲುಗಳೂ ಇದ್ದವು. ಜನಸಂದಣಿಯ ದಿನಗಳಲ್ಲಿ ಹಣ ಕೊಟ್ಟ ಸಾಲೂ ಗಂಟೆಗಟ್ಟಲೆ ನಿಲ್ಲುತ್ತದೆ. ಸರಿಯಾದ ದಿನ, ಸರಿಯಾದ ಹೊತ್ತು ಆರಿಸಿಕೊಂಡವರಿಗೆ ಧರ್ಮದರ್ಶನವೇ ಸಾಕೆಂಬುದು ನಮ್ಮ ಅಭಿಪ್ರಾಯ. ನೈವೇದ್ಯದ ಹೊತ್ತಿನಲ್ಲಿ ಸ್ವಲ್ಪ ಕಾಲ ದರ್ಶನ ನಿಲ್ಲುತ್ತದೆ, ಸಾಲಿನಲ್ಲಿರುವವರು ಗಾಬರಿಯಾಗಬೇಕಾಗಿಲ್ಲ.

ಹೋಗುವಾಗ ನೀರಿನ ಬಾಟಲಿ, ಮಕ್ಕಳಿಗೆ ಒಣ ತಿಂಡಿ, ಬೆಳಗಿನ ಚಳಿಗೆ ಸ್ವೆಟರ್ ಇರಲಿ. ಹಾಸನ ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ನವೆಂಬರ್‌ನ ನಸುಕಿನಲ್ಲಿ ಸಾಲಿನಲ್ಲಿ ನಿಂತವರಿಗೆ ಅದು ಚೆನ್ನಾಗಿ ಅರಿವಾಗುತ್ತದೆ. ಚಪ್ಪಲಿಯನ್ನು ಬಸ್ಸಿನಲ್ಲೇ ಬಿಟ್ಟು ಇಳಿಯಿರಿ.

ಮಕ್ಕಳಿಗೆ ಹಾಸನಾಂಬೆಯ ಕಥೆಯನ್ನು ಹೇಗೆ ಹೇಳುವುದು?

ಸಾಲಿನಲ್ಲಿ ನಿಂತ ಮಕ್ಕಳನ್ನು ಸಮಾಧಾನಪಡಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಕಾಶಿಯಿಂದ ದಕ್ಷಿಣಕ್ಕೆ ವಾಯುವಿಹಾರಕ್ಕೆಂದು ಬಂದ ಸಪ್ತಮಾತೃಕೆಯರು ಈ ಜಾಗದ ಚೆಲುವಿಗೆ ಮನಸೋತು ಇಲ್ಲೇ ನೆಲೆ ನಿಂತರೆಂಬುದು ಐತಿಹ್ಯ. ಅವರಲ್ಲಿ ವೈಷ್ಣವಿ, ಮಾಹೇಶ್ವರಿ, ಕೌಮಾರಿಯರು ಗುಡಿಯೊಳಗೆ ಹುತ್ತದ ರೂಪದಲ್ಲಿದ್ದಾರೆ. ಚಾಮುಂಡಿ, ವಾರಾಹಿ, ಇಂದ್ರಾಣಿಯರು ಊರಿನ ದೇವಿಗೆರೆಯಲ್ಲಿ ಉಳಿದರು. ಬ್ರಾಹ್ಮಿ ಕೆಂಚಮ್ಮನ ಹೊಸಕೋಟೆಗೆ ಹೋಗಿ ನೆಲೆಸಿದಳು. ಗುಡಿಯ ಆವರಣದಲ್ಲಿ ಕಳ್ಳಪ್ಪನ ಗುಡಿ ಇದೆ: ಆಭರಣ ಕದಿಯಲು ಬಂದ ಕಳ್ಳರು ದೇವಿಯ ಶಾಪದಿಂದ ಕಲ್ಲಾದರಂತೆ. ಅತ್ತೆಯ ಕಾಟ ತಾಳಲಾರದೆ ದೇವಿಯ ಮೊರೆಹೊಕ್ಕು ಕಲ್ಲಾದ ಸೊಸೆಯ ಕಥೆಯೂ ಇದೆ. ಆ ಸೊಸೆಕಲ್ಲು ವರ್ಷಕ್ಕೊಂದು ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ಆ ಲೆಕ್ಕವನ್ನು ಕೇಳಿದ ಮಕ್ಕಳು ಕೂಡಲೇ ಇನ್ನೆಷ್ಟು ಕಾಳಿನಷ್ಟು ದೂರ ಉಳಿದಿದೆಯೆಂದು ಕೇಳುತ್ತಾರೆ, ಉತ್ತರ ಸಿದ್ಧವಿಟ್ಟುಕೊಳ್ಳಿ.

ವರ್ಷದ ಹಿಂದೆ ಹಚ್ಚಿದ ದೀಪ ಆರದೆ ಇರುತ್ತದೆಯೇ ಎಂದು ಮಗಳು ಕೇಳುತ್ತಾಳೆ. ಏನು ಹೇಳಲಿ?

ಬಾಗಿಲು ಮುಚ್ಚುವಾಗ ಹಚ್ಚಿದ ದೀಪ, ಮುಡಿಸಿದ ಹೂವು, ಇಟ್ಟ ನೈವೇದ್ಯ ಮುಂದಿನ ವರ್ಷದವರೆಗೆ ಹಾಗೆಯೇ ಇರುತ್ತವೆಂಬುದು ಭಕ್ತರ ನಂಬಿಕೆ. ಅದು ನಂಬಿಕೆ ಎಂದೇ ಮಗುವಿಗೆ ಹೇಳಿ. ಅಜ್ಜಿ ಏಕೆ ನಂಬುತ್ತಾಳೆ, ಇನ್ನು ಕೆಲವರು ಏಕೆ ಪ್ರಶ್ನಿಸುತ್ತಾರೆ ಎಂಬುದೆರಡನ್ನೂ ಕೇಳಿಸಿಕೊಳ್ಳುವ ವಯಸ್ಸು ಅವಳದಾದರೆ ಎರಡನ್ನೂ ಹೇಳಿ. ಪ್ರಶ್ನೆ ಕೇಳಿದ್ದಕ್ಕೆ ಸಾಲಿನಲ್ಲಿ ಯಾರಾದರೂ ಗದರಿದರೆ ಮಗುವಿನ ಪಕ್ಷ ವಹಿಸಿ.

ರಾಜ್ಯೋತ್ಸವ ಹಾಸನಾಂಬೆಯ ದಿನಗಳಲ್ಲೇ ಬಂದಿದೆ. ಹೇಗೆ ನಡೆಸುತ್ತೀರಿ?

ನವೆಂಬರ್ 1ರಂದು ಜಿಲ್ಲಾ ಕ್ರೀಡಾಂಗಣದ ಧ್ವಜಾರೋಹಣ ಮತ್ತು ಶಾಲಾ ಮಕ್ಕಳ ಪಥಸಂಚಲನವನ್ನು ನೋಡಲು ಹೋಗುವವರು ತಮ್ಮ ವಾಹನ ಬಿಟ್ಟು ನಗರ ಸಾರಿಗೆಯ ಬಸ್ಸಿನಲ್ಲಿ ಹೋಗುವುದು ಉತ್ತಮ. ಆ ದಿನ ಬಿ.ಎಂ. ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ದೇವಿಯ ದರ್ಶನ ಸಿಗುವುದಕ್ಕಿಂತ ಕಷ್ಟ. ಬಡಾವಣೆಯ ಧ್ವಜಾರೋಹಣ ಬೆಳಿಗ್ಗೆ ಏಳೂವರೆಗೇ ಮುಗಿಯುತ್ತದೆ. ಅನಂತರ ಮಕ್ಕಳಿಗೆ ಒಂದು ಆಟವಿದೆ: 1956ರಲ್ಲಿ ಏಕೀಕರಣವಾದ ಈ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ಆ ಹೆಸರು ಬರುವ ಮುಂಚೆ ಹುಟ್ಟಿದ ಹಿರಿಯರನ್ನು ಬಡಾವಣೆಯಲ್ಲಿ ಹುಡುಕಿ, ಅವರು ಶಾಲೆಯ ನಕಾಶೆಯಲ್ಲಿ ರಾಜ್ಯದ ಹೆಸರನ್ನು ಏನೆಂದು ಬರೆಯುತ್ತಿದ್ದರೆಂದು ಕೇಳಿ ಬರೆದುಕೊಂಡು ಬರಬೇಕು. ಹಿರಿಯರು ಅಂದು ಬೆಳಿಗ್ಗೆ ಮನೆಯಲ್ಲೇ ಇದ್ದು ಸಹಕರಿಸಬೇಕಾಗಿ ಕೋರುತ್ತೇವೆ.

ದೀಪಾವಳಿಯ ಪಟಾಕಿಗೆ ನಿರ್ಬಂಧವಿದೆಯೇ?

ಇದೆ. ಹಸಿರು ಪಟಾಕಿ ಮಾತ್ರ, ರಾತ್ರಿ 8ರಿಂದ 10ರವರೆಗೆ ಮಾತ್ರ. ಮಕ್ಕಳಿಗೆ ಹತ್ತಿಯ ಬಟ್ಟೆ ಹಾಕಿ, ಪಕ್ಕದಲ್ಲಿ ನೀರು ತುಂಬಿದ ಬಕೆಟ್ ಇಟ್ಟುಕೊಳ್ಳಿ. ಠುಸ್ಸೆಂದ ಪಟಾಕಿಯ ಹತ್ತಿರ ಬಗ್ಗಿ ನೋಡಬೇಡಿ. ಮರುದಿನ ಬೆಳಿಗ್ಗೆ ತಮ್ಮ ಮನೆಯ ಮುಂದಿನ ಕಾಗದದ ಚೂರುಗಳನ್ನು ತಾವೇ ಗುಡಿಸುವುದು ಹಬ್ಬದ ಭಾಗವೇ, ಪೌರಕಾರ್ಮಿಕರ ಕೆಲಸವಲ್ಲ.

ಹೊಯ್ಸಳ ದೇವಾಲಯಗಳ ಪ್ರವಾಸದಲ್ಲಿ ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ನೋಡಿಸುವ ರೀತಿಯಲ್ಲಿ ನೋಡಿಸಿದರೆ ಆಗುವುದಿಲ್ಲ. ಬೇಲೂರು, ಹಳೇಬೀಡು ಮತ್ತು ಮೈಸೂರು ಜಿಲ್ಲೆಯ ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇಶವಿದೇಶಗಳಿಂದ ಜನ ಬರುತ್ತಾರೆ. ಬೇಲೂರು, ಹಳೇಬೀಡಿಗೆ ಮುಕ್ಕಾಲು ಗಂಟೆಯ ದೂರದಲ್ಲಿರುವ ನಾವು ನೆಂಟರು ಬಂದಾಗ ಮಾತ್ರ ಹೋಗುತ್ತೇವೆ.

ನವೆಂಬರ್ ಕೊನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟು ಮೊದಲು ದೊಡ್ಡಗದ್ದವಳ್ಳಿಗೆ ಹೋಗುತ್ತೇವೆ. ಬೇಲೂರು ರಸ್ತೆಯಿಂದ ತುಸು ಒಳಗೆ, ಕೆರೆಯ ಪಕ್ಕದಲ್ಲಿರುವ ಈ ಲಕ್ಷ್ಮೀದೇವಿಯ ಗುಡಿಗೆ ನಾಲ್ಕು ಗರ್ಭಗುಡಿಗಳಿವೆ. ಇದನ್ನು 12ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವರು ರಾಜರಲ್ಲ, ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ. ಬೆಳಗಿನ ಆ ಹೊತ್ತಿನಲ್ಲಿ ಅಲ್ಲಿ ಹಕ್ಕಿಗಳ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ತಿಂಡಿಯನ್ನು ಕೆರೆಯ ದಡದಲ್ಲೇ ಮುಗಿಸುತ್ತೇವೆ.

ಹಳೇಬೀಡಿನ ಹೊಯ್ಸಳೇಶ್ವರದ ಅಡಿಪಾಯದ ಪಟ್ಟಿಕೆಗಳಲ್ಲಿ ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣದ ಕಥೆ, ಮಕರ, ಹಂಸಗಳ ಸಾಲುಗಳಿವೆ. ಸಾಲಿನ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಹೇಳಿ, ಒಂದೇ ರೀತಿಯ ಎರಡು ಆನೆಗಳನ್ನು ಹುಡುಕಿ ಕೊಟ್ಟವರಿಗೆ ಬಹುಮಾನವೆಂದರೆ ಸಾಕು, ಮಕ್ಕಳು ಗುಡಿಯನ್ನು ಪೂರ್ತಿ ಸುತ್ತಿ ಬರುತ್ತಾರೆ. ಇಷ್ಟು ಸೂಕ್ಷ್ಮವಾಗಿ ಕೆತ್ತಲು ಹೇಗೆ ಸಾಧ್ಯವಾಯಿತೆಂದು ಕೇಳಿದರೆ, ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆಂದು ಹೇಳಿ. ಬಳಪದಿಂದ ಸ್ಲೇಟಿನ ಮೇಲೆ ಬರೆದ ಅಜ್ಜ ಅಜ್ಜಿಯರು ಅದನ್ನು ಇನ್ನೂ ಚೆನ್ನಾಗಿ ವಿವರಿಸುತ್ತಾರೆ. ಪಕ್ಕದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯಿರುವುದರಿಂದ ಶನಿವಾರವನ್ನು ಆರಿಸಿಕೊಂಡಿದ್ದೇವೆ.

ಮಧ್ಯಾಹ್ನದ ಮೇಲೆ, ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ. ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಮಧ್ಯಾಹ್ನ ಕೆಲಹೊತ್ತು ಗರ್ಭಗುಡಿ ಮುಚ್ಚಿರುತ್ತದೆ. ಇಲ್ಲಿನ ಮದನಿಕೆಯರ ಪೀಠಗಳಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಪ್ರಮುಖರು. ತಂದೆ ಮಗ ಒಂದೇ ಗುಡಿಯಲ್ಲಿ ಕೆಲಸ ಮಾಡಿ ಬೇರೆ ಬೇರೆಯಾಗಿ ಸಹಿ ಹಾಕಿದರೆಂಬ ಸಂಗತಿ ಹದಿಹರೆಯದ ಮಕ್ಕಳಿಗೆ ಏಕೋ ಬಹಳ ಹಿಡಿಸುತ್ತದೆ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕಾಗುವುದರಿಂದ ಎಲ್ಲರೂ ಕಾಲುಚೀಲ ತನ್ನಿ. ಕತ್ತಲಾಗುವ ಮುನ್ನವೇ ಹಿಂದಿರುಗುತ್ತೇವೆ. ಬೇಲೂರು, ಆಲೂರು, ಸಕಲೇಶಪುರದ ತೋಟಗಳ ಕಡೆ ಕಾಡಾನೆಗಳ ಓಡಾಟ ಇದ್ದೇ ಇರುತ್ತದೆ.

ಈ ಪ್ರವಾಸಕ್ಕೆ ಶೆಟ್ಟಿಹಳ್ಳಿಯನ್ನೂ ಗೊರೂರನ್ನೂ ಏಕೆ ಸೇರಿಸಿಲ್ಲ?

ದಿಕ್ಕೇ ಬೇರೆ. ಅಲ್ಲದೆ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ವರ್ಷವರ್ಷವೂ ಸವೆಯುತ್ತಿವೆ. ಐವತ್ತು ಮಕ್ಕಳನ್ನು ಅದರಡಿ ಓಡಾಡಲು ಬಿಡುವ ಧೈರ್ಯ ನಮಗಿಲ್ಲ. ದೊಡ್ಡವರು ಹೋಗಿ ದೂರದಿಂದ ನೋಡಿ ಬರಬಹುದು.

ವಂತಿಗೆ ಎಷ್ಟು? ಕೊಡಲಾಗದವರು ಬರಬಹುದೇ?

ಹಬ್ಬಗಳಿಗೆ ನಿಗದಿಯಾದ ವಂತಿಗೆ ಇಲ್ಲ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಫಲಕದಲ್ಲಿ ಬರೆಯುವುದನ್ನು ಬಿಟ್ಟಿದ್ದೇವೆ. ಪ್ರವಾಸಕ್ಕೆ ಮಾತ್ರ ಬಸ್ಸಿನ ಖರ್ಚನ್ನು ತಲೆಗೆ ಇಷ್ಟೆಂದು ಹಂಚುತ್ತೇವೆ. ಖರ್ಚಿನ ಲೆಕ್ಕವನ್ನು ರಸೀದಿ ಸಮೇತ ಹದಿನೈದು ದಿನದೊಳಗೆ ಸಂಘದ ಕೊಠಡಿಯಲ್ಲಿ ಇಡಲಾಗುತ್ತದೆ. ಹಣದ ಬದಲು ದುಡಿಮೆ ಕೊಡುವವರೇ ನಮಗೆ ಹೆಚ್ಚು ಬೇಕಾಗಿದ್ದಾರೆ: ತರಕಾರಿ ಹೆಚ್ಚುವವರು, ಪೆಂಡಾಲಿನಲ್ಲಿ ರಾತ್ರಿ ಮಲಗುವವರು, ಎಲ್ಲಕ್ಕಿಂತ ಮುಖ್ಯವಾಗಿ ಮುಗಿದ ಮೇಲೆ ಪಾತ್ರೆ ತೊಳೆಯುವವರು. ಮೊದಲ ಕೆಲಸಕ್ಕೆ ಹತ್ತು ಜನ ಬರುತ್ತಾರೆ, ಕೊನೆಯದಕ್ಕೆ ಇಬ್ಬರು.

ನಾವು ಬಾಡಿಗೆಯವರು. ನಮ್ಮ ಧರ್ಮ ಬೇರೆ, ಮನೆಮಾತು ಬೇರೆ. ಬರಬಹುದೇ?

ಬನ್ನಿ. ಪೂಜೆಯಲ್ಲಿ ಸೇರುವುದು ಬಿಡುವುದು ಅವರವರ ಇಷ್ಟ. ಆಟೋಟ, ಊಟ, ಪ್ರವಾಸ ಎಲ್ಲರದು. ಸಂಘದ ಸದಸ್ಯತ್ವಕ್ಕೆ ಸ್ವಂತ ಮನೆ ಇರಬೇಕೆಂಬ ನಿಯಮವನ್ನೂ ತೆಗೆದುಹಾಕಿದ್ದೇವೆ.

ಊಟದ ವ್ಯವಸ್ಥೆ ಹೇಗೆ?

ಒಂದು ಬಾರಿ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳು ನಿಷಿದ್ಧ. ಬಾಳೆ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ನಾವು ಕೊಡುತ್ತೇವೆ, ಸ್ಟೀಲ್ ಲೋಟ ನೀವು ತನ್ನಿ. ಶೇಂಗಾ, ಗೋಡಂಬಿಯಂಥವು ಯಾವ ಮಗುವಿಗಾದರೂ ಆಗದಿದ್ದರೆ ಮೊದಲೇ ತಿಳಿಸಿ.

ಜಾತ್ರೆಯ ಗುಂಪಿನಲ್ಲಿ ಮಗು ತಪ್ಪಿಸಿಕೊಂಡರೆ?

ಮನೆಯಿಂದ ಹೊರಡುವಾಗಲೇ ಮಗುವಿನ ಒಳಗೈ ಮೇಲೆ ನಿಮ್ಮ ಮೊಬೈಲ್ ಸಂಖ್ಯೆಯನ್ನು ಪೆನ್ನಿನಿಂದ ಬರೆದು, ಅಂದಿನ ಉಡುಪಿನಲ್ಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಅಂಗಿಯ ಬಣ್ಣವೂ ನೆನಪಾಗುವುದಿಲ್ಲ. ಕಾಣೆಯಾದೆನೆಂದು ಅನ್ನಿಸಿದರೆ ಅಲೆದಾಡದೆ ಅಲ್ಲೇ ನಿಂತು ಪೊಲೀಸರನ್ನೋ ಮಗುವಿನೊಂದಿಗಿರುವ ಯಾವುದಾದರೂ ತಾಯಿಯನ್ನೋ ಕೇಳಬೇಕೆಂದು ಮಗುವಿಗೆ ಹೇಳಿಕೊಡಿ. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿಗೆ 1098, ಆಂಬುಲೆನ್ಸ್‌ಗೆ 108.

ಬೆಂಗಳೂರಿನಿಂದ ಅಜ್ಜ ಅಜ್ಜಿ ಬರುತ್ತಾರೆ. ಹೇಗೆ ಬರುವುದು ಸುಲಭ?

ಶ್ರವಣಬೆಳಗೊಳದ ಮೂಲಕ ಬರುವ ನೇರ ರೈಲುಮಾರ್ಗ 2017ರಲ್ಲಿ ಆರಂಭವಾದ ಮೇಲೆ ಹಿರಿಯರಿಗೆ ರೈಲೇ ಹಿತ. ಬಸ್ಸಾದರೆ, ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಅಜ್ಜಿಯ ಆಧಾರ್ ಚೀಟಿ ಕೈಚೀಲದಲ್ಲಿರಲಿ, ಅಜ್ಜನ ಟಿಕೆಟಿನ ಹಣವೂ ಇರಲಿ.

ಸಂಕ್ರಾಂತಿಯ ನಂತರ ಏನೂ ಇಲ್ಲವೇ?

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಈ ಬಾರಿ ಅವರೆಕಾಯಿ ಸುಲಿಯುವ ಸ್ಪರ್ಧೆ ಇದೆ. ಸುಲಿದ ಕಾಳೆಲ್ಲ ಅಂದಿನ ಹಿತಕಿದ ಬೇಳೆಯ ಸಾರಿಗೇ ಹೋಗುವುದರಿಂದ ಸ್ಪರ್ಧಿಗಳು ಸುಲಿಯುವಾಗ ಹುಳು ನೋಡಿಕೊಂಡು ಸುಲಿಯಬೇಕು. ಅನಂತರ ಫೆಬ್ರುವರಿ ಮತ್ತು ಮಾರ್ಚ್ ಪರೀಕ್ಷೆಯ ತಿಂಗಳುಗಳು. ಆ ಅವಧಿಯಲ್ಲಿ ಸಂಘ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳುವುದಿಲ್ಲ, ಧ್ವನಿವರ್ಧಕವನ್ನು ಯಾರಿಗೂ ಬಾಡಿಗೆಗೆ ಕೊಡುವುದೂ ಇಲ್ಲ. ಏಪ್ರಿಲ್‌ನಲ್ಲಿ ಯುಗಾದಿ ಕಳೆದು ಬೇಲೂರಿನ ಚೆನ್ನಕೇಶವನ ರಥೋತ್ಸವ ಬರುತ್ತದೆ. ಅದಕ್ಕೆ ಬಸ್ ಮಾಡಬೇಕೇ ಬೇಡವೇ ಎಂಬುದು ಎಷ್ಟು ಮನೆಗಳು ಹೆಸರು ಕೊಡುತ್ತವೆ ಎಂಬುದರ ಮೇಲೆ ನಿಂತಿದೆ; ಹೆಸರು ಬರೆಸುವ ಪುಸ್ತಕ ಸಂಕ್ರಾಂತಿಯ ದಿನ ಊಟದ ಸಾಲಿನ ತುದಿಯಲ್ಲಿ ಇಟ್ಟಿರುತ್ತೇವೆ.